ಕಂದಕದೊಳಗಿನ ಕಾಲಾಳು



ನಿಮ್ಮ ಇತಿಹಾಸದ ಪಠ್ಯಪುಸ್ತಕದಲ್ಲಿ ಮೊದಲನೆಯ ಮಹಾಯುದ್ಧದ ಪಾಠದ ಕೊನೆಗೆ ಎರಡು ಪ್ರಶ್ನೆಗಳು ತಪ್ಪದೆ ಇರುತ್ತವೆ: ಯುದ್ಧಕ್ಕೆ ಕಾರಣಗಳೇನು, ಪರಿಣಾಮಗಳೇನು? ಎರಡಕ್ಕೂ ಉತ್ತರ ಬರೆದು ಅಂಕ ಪಡೆದು ಮುಂದೆ ಹೋಗುತ್ತೇವೆ. ಆದರೆ ಕಾರಣಕ್ಕೂ ಪರಿಣಾಮಕ್ಕೂ ನಡುವೆ ನಾಲ್ಕು ವರ್ಷಗಳಿಗೂ ಮೀರಿದ ಕಾಲ ಇತ್ತಲ್ಲ, ಆಗ ಏನು ನಡೆಯಿತು? ಇಂದು ನಾನು ಮಾತನಾಡುವುದು ಆ ನಡುವಿನ ಕಾಲವನ್ನು ಕುರಿತು. ಫ್ರಾನ್ಸ್ ಮತ್ತು ಬೆಲ್ಜಿಯಂ ದೇಶಗಳ ಹೊಲಗಳಲ್ಲಿ ತೋಡಿದ ಕಂದಕಗಳೊಳಗೆ ಬದುಕಿದ ಬ್ರಿಟಿಷ್ ಕಾಲಾಳುಗಳನ್ನು ಕುರಿತು. ನಾನು ಓದಿದ್ದು ವಿಜ್ಞಾನ, ಮಾಡುತ್ತಿರುವುದು ದೂರದರ್ಶನದ ಕೆಲಸ. ಹೀಗಾಗಿ ರಾಜರ ಒಪ್ಪಂದಗಳಿಗಿಂತ ಗಾಳಿ, ನೀರು, ಮಣ್ಣು, ಕಬ್ಬಿಣ ಮತ್ತು ಕ್ಯಾಮರಾದ ಕಡೆಗೆ ನನ್ನ ಗಮನ ಹೆಚ್ಚು ಹರಿದರೆ ಇತಿಹಾಸದ ಅಧ್ಯಾಪಕರು ದಯವಿಟ್ಟು ಬೇಸರಿಸಬಾರದು.

1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧಕ್ಕಿಳಿಯಿತು. ಜರ್ಮನಿ, ಫ್ರಾನ್ಸ್‌ಗಳಲ್ಲಿ ಪ್ರಾಯಕ್ಕೆ ಬಂದ ಗಂಡಸರಿಗೆ ಸೈನಿಕ ತರಬೇತಿ ಕಡ್ಡಾಯವಾಗಿತ್ತು. ಬ್ರಿಟನ್ನಿನಲ್ಲಿ ಹಾಗಿರಲಿಲ್ಲ; ಸ್ವಂತ ಇಷ್ಟದಿಂದ ಸಂಬಳಕ್ಕೆ ಸೇರಿದವರಷ್ಟೇ ಸಿಪಾಯಿಗಳು. ದಿನಕ್ಕೆ ಒಂದು ಶಿಲ್ಲಿಂಗ್ ಸಂಬಳ. ಸೈನ್ಯ ಚಿಕ್ಕದಾದರೂ ಚೆನ್ನಾಗಿ ಪಳಗಿದ್ದು. ಲೀ-ಎನ್‌ಫೀಲ್ಡ್ ಬಂದೂಕು ಹಿಡಿದ ಒಬ್ಬ ಸಿಪಾಯಿ ನಿಮಿಷಕ್ಕೆ 15 ಸಲ ಗುರಿಯಿಟ್ಟು ಹೊಡೆಯಬಲ್ಲವನಾಗಿದ್ದ. ಸೆಪ್ಟೆಂಬರಿನಲ್ಲಿ ಮಾರ್ನ್ ನದಿಯ ಬಳಿ ಜರ್ಮನರ ಮುನ್ನಡೆಗೆ ತಡೆ ಬಿತ್ತು. ಅವರು ಹಿಂದೆ ಸರಿದು ಏನ್ ನದಿಯಾಚೆಯ ದಿಬ್ಬಗಳಲ್ಲಿ ನೆಲ ತೋಡಿ ಕುಳಿತರು. ಎದುರಿಗೆ ಇವರೂ ತೋಡಿದರು. ಒಬ್ಬರನ್ನೊಬ್ಬರು ಪಕ್ಕದಿಂದ ಬಳಸಿ ಹೋಗೋಣವೆಂದು ಇಬ್ಬರೂ ಉತ್ತರಕ್ಕೆ ಸರಿಯುತ್ತ ಹೋದರು. ಕೊನೆಗೆ ಸಮುದ್ರವೇ ಅಡ್ಡ ಬಂತು. ಆ ವರ್ಷ ಮುಗಿಯುವುದರೊಳಗೆ ಉತ್ತರ ಸಮುದ್ರದ ದಂಡೆಯಿಂದ ಸ್ವಿಟ್ಸರ್ಲೆಂಡಿನ ಗಡಿಯವರೆಗೆ ಸುಮಾರು 700 ಕಿಲೋಮೀಟರ್ ಉದ್ದದ ಎರಡು ಕಂದಕ ಸಾಲುಗಳು ಎದುರುಬದುರಾದವು. ಬೆಂಗಳೂರಿನಿಂದ ಬೀದರಿಗೆ ಹೆಚ್ಚು ಕಡಿಮೆ ಅಷ್ಟೇ ದೂರ. ಅಷ್ಟುದ್ದಕ್ಕೂ ಜನ ನೆಲದೊಳಗೆ ಇಳಿದು ಕುಳಿತಿದ್ದರು ಎಂದು ಊಹಿಸಿಕೊಳ್ಳಿ.

ಯಾಕೆ ಇಳಿದರು? ನೆಲದ ಮೇಲೆ ನಿಂತವನು ಉಳಿಯುವಂತಿರಲಿಲ್ಲ, ಅದಕ್ಕೆ. ವಿಕರ್ಸ್ ಮೆಷಿನ್‌ಗನ್ ನಿಮಿಷಕ್ಕೆ ಸುಮಾರು 450 ಗುಂಡು ಉಗುಳುತ್ತಿತ್ತು. ಅದರ ನಳಿಗೆ ಕಾದು ಕೆಡದಂತೆ ಸುತ್ತಲೂ ನೀರು ತುಂಬಿದ ಕವಚ ಇರುತ್ತಿತ್ತು. ಇದರ ಜೊತೆಗೆ ಮುಳ್ಳುತಂತಿ. ಅಮೆರಿಕದ ಬಯಲುಗಳಲ್ಲಿ ದನಗಳನ್ನು ತಡೆಯಲೆಂದು 1870ರ ದಶಕದಲ್ಲಿ ಬಳಕೆಗೆ ಬಂದ ಬೇಲಿ ಅದು. ಇಲ್ಲಿ ಮನುಷ್ಯರನ್ನು ತಡೆಯಿತು. ಇನ್ನು ಫಿರಂಗಿ. ಚಿತ್ರಗಳಲ್ಲಿ ನಾವು ಮೆಷಿನ್‌ಗನ್ನನ್ನೇ ಹೆಚ್ಚು ನೋಡುತ್ತೇವಾದರೂ ಬ್ರಿಟಿಷ್ ಗಾಯಾಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಾಯಗೊಂಡದ್ದು ಫಿರಂಗಿ, ಮಾರ್ಟರುಗಳ ಶೆಲ್ಲುಗಳಿಂದ.

ಈಗ ಕಂದಕದ ರಚನೆಯನ್ನು ನೋಡೋಣ. ಅದು ನೇರವಾದ ಕಾಲುವೆಯಲ್ಲ. ಕೆಲವು ಗಜ ಹೋಗುವುದರೊಳಗೆ ತಿರುವು, ಮತ್ತೆ ಕೆಲವು ಗಜಕ್ಕೆ ಇನ್ನೊಂದು ತಿರುವು. ಮೇಲಿನಿಂದ ನೋಡಿದರೆ ಕೋಟೆಗೋಡೆಯ ತೆನೆಗಳಂತೆ ಕಾಣುತ್ತಿತ್ತು. ಕಾರಣ ಸರಳವಾದದ್ದು. ನೇರ ಕಂದಕದೊಳಗೆ ಶೆಲ್ಲೊಂದು ಸಿಡಿದರೆ ಅದರ ಅಲೆಯೂ ಚೂರುಗಳೂ ಉದ್ದಕ್ಕೆ ನುಗ್ಗುತ್ತವೆ. ತಿರುವಿದ್ದರೆ ಹಾನಿ ಆ ಒಂದು ಅಂಕಣಕ್ಕೆ ನಿಲ್ಲುತ್ತದೆ. ಶತ್ರು ಒಂದು ತುದಿಯೊಳಗೆ ನುಗ್ಗಿದರೂ ಉದ್ದಕ್ಕೂ ಗುಂಡು ಹಾರಿಸಲಾರ. ಆಳ ಸುಮಾರು ಏಳು ಅಡಿ. ಮುಂದಿನ ಗೋಡೆಯ ಬುಡದಲ್ಲಿ ಹತ್ತಿ ನಿಂತು ಗುಂಡು ಹಾರಿಸಲು ಒಂದು ಮೆಟ್ಟಿಲು, ಗೋಡೆಯ ಮೇಲೆ ಮಣ್ಣು ತುಂಬಿದ ಚೀಲಗಳು, ನಡೆಯಲು ಕೆಳಗೆ ಮರದ ಹಲಗೆಗಳು. ಇಂಥ ಮುಂದಿನ ಸಾಲಿನ ಹಿಂದೆ ಎರಡನೆಯದು, ಅದರ ಹಿಂದೆ ಮೂರನೆಯದು, ಇವುಗಳನ್ನು ಕೂಡಿಸಲು ಅಡ್ಡ ಕಂದಕಗಳು. ಎದುರಾಳಿಯ ಸಾಲು ಕೆಲವೆಡೆ ಅರ್ಧ ಮೈಲಿ ಆಚೆ, ಕೆಲವೆಡೆ ಕೆಮ್ಮಿದರೆ ಕೇಳಿಸುವಷ್ಟು ಹತ್ತಿರ. ನಡುವಿನದು ಯಾರಿಗೂ ಸೇರದ ನೆಲ.

ಬೆಲ್ಜಿಯಂನ ಈಪ್ರ್ ಪಟ್ಟಣದ ಸುತ್ತಮುತ್ತ ಇದಿಷ್ಟೂ ಸಾಧ್ಯವಿರಲಿಲ್ಲ. ಅಲ್ಲಿನದು ಜೇಡಿಮಣ್ಣು, ಎರಡು ಮೂರು ಅಡಿ ತೋಡುವುದರೊಳಗೆ ನೀರು. ಶತಮಾನಗಳಿಂದ ರೈತರು ಕಾಲುವೆ ತೋಡಿ ಆ ನೀರನ್ನು ಬಸಿದು ಬೇಸಾಯ ಮಾಡುತ್ತಿದ್ದರು. ಶೆಲ್ಲುಗಳು ಆ ಕಾಲುವೆಗಳನ್ನೆಲ್ಲ ಹಾಳುಗೆಡವಿದವು. ಹಾಗಾಗಿ ಸಿಪಾಯಿಗಳು ನೆಲ ತೋಡುವ ಬದಲು ಮಣ್ಣಿನ ಚೀಲಗಳ ಗೋಡೆ ಎಬ್ಬಿಸಿ ಅದರ ಹಿಂದೆ ಕೂರಬೇಕಾಯಿತು. 1917ರ ಜುಲೈ 31ರಿಂದ ನವೆಂಬರ್ 10ರವರೆಗೆ ಇಲ್ಲೇ ನಡೆದ ಪ್ಯಾಶನ್‌ಡೇಲ್ ಕದನದಲ್ಲಿ ಹಲಗೆಯಿಂದ ಕಾಲು ಜಾರಿದವರು ಶೆಲ್ಲಿನ ಗುಂಡಿಯ ಕೆಸರಿನಲ್ಲಿ ಮುಳುಗಿ ಸತ್ತದ್ದುಂಟು.

ಸಿಪಾಯಿಯ ದಿನ ಹೇಗಿತ್ತು? ಬೆಳಗಾಗುವ ಮುನ್ನ ಎಲ್ಲರೂ ಬಂದೂಕು ಹಿಡಿದು ಮೆಟ್ಟಿಲ ಮೇಲೆ ನಿಲ್ಲಬೇಕು. ದಾಳಿ ನಡೆಯುವ ಹೊತ್ತು ಅದು. ಸಂಜೆ ಮತ್ತೊಮ್ಮೆ ಹಾಗೆಯೇ. ಹಗಲಿನಲ್ಲಿ ತಲೆ ಎತ್ತಿದರೆ ಗುಂಡು, ಆದ್ದರಿಂದ ನೋಡಬೇಕಾದ್ದನ್ನು ಪೆರಿಸ್ಕೋಪಿನಲ್ಲಿ ನೋಡುವುದು, ಸಾಧ್ಯವಾದಲ್ಲಿ ಮಲಗುವುದು. ಕೆಲಸವೆಲ್ಲ ರಾತ್ರಿ: ತಂತಿ ಕಟ್ಟುವುದು, ಕುಸಿದ ಗೋಡೆ ಎಬ್ಬಿಸುವುದು, ಊಟ ಮದ್ದುಗುಂಡು ಹೊತ್ತು ತರುವುದು. ಡಬ್ಬಿಯ ಗೋಮಾಂಸ, ಕಲ್ಲಿನಂಥ ಬಿಸ್ಕತ್ತು, ಜಾಮು, ಚಹಾ. ನೀರು ಬರುತ್ತಿದ್ದದ್ದು ಪೆಟ್ರೋಲ್ ಡಬ್ಬಗಳಲ್ಲಿ. ಚಹಾಕ್ಕೂ ಪೆಟ್ರೋಲಿನ ವಾಸನೆ. ಒಂದು ಮಾತು ಮಾತ್ರ ನೆನಪಿಡಿ, ಯಾವ ಸಿಪಾಯಿಯೂ ನಾಲ್ಕು ವರ್ಷ ಒಂದೇ ಸಮನೆ ಮುಂದಿನ ಸಾಲಿನಲ್ಲಿ ಇರಲಿಲ್ಲ. ಕೆಲವು ದಿನ ಮುಂದೆ, ಕೆಲವು ದಿನ ಹಿಂದಿನ ಸಾಲು, ಆಮೇಲೆ ಹಳ್ಳಿಯೊಂದರಲ್ಲಿ ತುಸು ವಿಶ್ರಾಂತಿ. ಹೀಗೆ ಪಾಳಿ ಇತ್ತು. ಆ ಪಾಳಿಯೇ ಇಲ್ಲದಿದ್ದರೆ ಸೈನ್ಯ ಅಷ್ಟು ಕಾಲ ನಿಲ್ಲುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಶತ್ರುವಿಗಿಂತ ಮೊದಲು ಕಾಡಿದ್ದು ಅವನ ಸ್ವಂತ ಪಾದಗಳು. ತಣ್ಣನೆಯ ನೀರಿನಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ನಿಂತಾಗ ಪಾದದ ರಕ್ತನಾಳಗಳು ಮುದುಡಿ ರಕ್ತಸಂಚಾರ ಕುಗ್ಗುತ್ತದೆ. ಪಾದ ಮರಗಟ್ಟಿ, ಊದಿ, ಕೊನೆಗೆ ಮಾಂಸ ಕೊಳೆಯುತ್ತದೆ. ಬೆರಳು ಇಲ್ಲವೆ ಪಾದವನ್ನೇ ಕತ್ತರಿಸಬೇಕಾಗುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬೇಕೆಂದಿಲ್ಲ. ಮೊದಲ ಚಳಿಗಾಲದಲ್ಲೇ ಸುಮಾರು 20,000 ಬ್ರಿಟಿಷ್ ಸಿಪಾಯಿಗಳು ಇದಕ್ಕೆ ತುತ್ತಾದರು. ಔಷಧವೇನೂ ದೊರೆಯಲಿಲ್ಲ, ದೊರೆತದ್ದು ಒಂದು ಶಿಸ್ತು. ಒಣಗಿದ ಕಾಲ್ಚೀಲಗಳನ್ನು ಜೊತೆಗಿಟ್ಟುಕೊಂಡು ಬದಲಾಯಿಸುತ್ತಿರಬೇಕು. ಪಾದಕ್ಕೆ ತಿಮಿಂಗಿಲದ ಎಣ್ಣೆ ತಿಕ್ಕಬೇಕು. ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಪಾದವನ್ನು ಇನ್ನೊಬ್ಬರು ನೋಡಿಕೊಳ್ಳಬೇಕು. ತುಕಡಿಯಲ್ಲಿ ಪಾದರೋಗ ಹೆಚ್ಚಿದರೆ ಅಧಿಕಾರಿ ಉತ್ತರ ಹೇಳಬೇಕು. ಮುಂದಿನ ವರ್ಷಗಳಲ್ಲಿ ರೋಗ ಬಹಳ ಮಟ್ಟಿಗೆ ತಗ್ಗಿತು. ಯುದ್ಧದ ಕಥೆಗಳಲ್ಲಿ ಕಾಲ್ಚೀಲಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಇನ್ನೊಂದು ಕಾಟ ಬಟ್ಟೆಯ ಹೇನು, ನಮ್ಮ ಹಿರಿಯರು ಕೂರೆ ಎನ್ನುತ್ತಿದ್ದರಲ್ಲ, ಅದೇ. ಅಂಗಿಯ ಹೊಲಿಗೆಗಳ ಸಂದಿಯಲ್ಲಿ ಅದರ ಮೊಟ್ಟೆಗಳು. ಸಿಪಾಯಿಗಳು ಮೋಂಬತ್ತಿಯ ಜ್ವಾಲೆಯನ್ನು ಹೊಲಿಗೆಯ ಉದ್ದಕ್ಕೂ ಆಡಿಸಿ ಸುಡುತ್ತಿದ್ದರು. ಇದೇ ಕಾಲದಲ್ಲಿ ವೈದ್ಯರಿಗೆ ಅರ್ಥವಾಗದ ಒಂದು ಜ್ವರ ಕಾಣಿಸಿಕೊಂಡಿತು: ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ವಿಪರೀತ ನೋವು, ಬಿಟ್ಟ ಜ್ವರ ಸುಮಾರು ಐದು ದಿನಕ್ಕೆ ಮತ್ತೆ ಬರುವುದು. ಇದನ್ನು ಕಂದಕ ಜ್ವರವೆಂದೇ ಕರೆದರು. ಇದನ್ನು ಹರಡುವುದು ಹೇನು ಎಂಬುದು ಖಚಿತವಾದದ್ದು 1918ರಲ್ಲಿ, ಯುದ್ಧ ಮುಗಿಯುವ ವರ್ಷ. 1916ರಲ್ಲಿ ಸಾಮ್ ರಣರಂಗದಿಂದ ಈ ಜ್ವರ ಹಿಡಿದು ಊರಿಗೆ ಮರಳಿದ ಕಿರಿಯ ಅಧಿಕಾರಿಗಳಲ್ಲಿ ಒಬ್ಬರು ಜೆ. ಆರ್. ಆರ್. ಟೋಲ್ಕಿನ್, ಮುಂದೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದವರು.

ಈಗ ರಸಾಯನಶಾಸ್ತ್ರದ ಮಾತು. 1915ರ ಏಪ್ರಿಲ್ 22ರ ಸಂಜೆ ಈಪ್ರ್ ಬಳಿ ಜರ್ಮನರು ಐದು ಸಾವಿರಕ್ಕೂ ಹೆಚ್ಚು ಸಿಲಿಂಡರುಗಳ ಬಾಯಿ ತೆರೆದು ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟರು. ಇದರ ಹಿಂದಿದ್ದ ವಿಜ್ಞಾನಿ ಫ್ರಿಟ್ಸ್ ಹೇಬರ್. ಗಾಳಿಯ ನೈಟ್ರೋಜನ್ನಿನಿಂದ ಅಮೋನಿಯ ತಯಾರಿಸುವ ಹೇಬರ್ ವಿಧಾನವನ್ನು ನೀವು ಪಿಯುಸಿಯಲ್ಲಿ ಓದುತ್ತೀರಿ, ಅದೇ ಹೇಬರ್. ಕ್ಲೋರಿನ್ನೇ ಯಾಕೆ? ಅಣುಭಾರ ಲೆಕ್ಕ ಹಾಕಿ. ಕ್ಲೋರಿನ್ 71, ಗಾಳಿಯ ಸರಾಸರಿ ಸುಮಾರು 29. ಎಂದರೆ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಅದು ಮೇಲೇರದೆ ನೆಲ ಹಿಡಿದು ಹರಿಯುತ್ತದೆ, ತಗ್ಗು ಕಂಡಲ್ಲಿ ಇಳಿಯುತ್ತದೆ. ಗುಂಡಿನಿಂದ ಪಾರಾಗಲು ಮನುಷ್ಯ ಯಾವ ತಗ್ಗಿನಲ್ಲಿ ಅಡಗಿದ್ದನೋ ಅಲ್ಲಿಗೇ. ಅದು ಶ್ವಾಸಕೋಶದ ತೇವದೊಂದಿಗೆ ವರ್ತಿಸಿ ಆಮ್ಲವಾಗುತ್ತದೆ. ಶ್ವಾಸಕೋಶದಲ್ಲಿ ದ್ರವ ತುಂಬಿ ಉಸಿರು ಕಟ್ಟುತ್ತದೆ. ಅದೇ ಸಿಪಾಯಿಯ ಕುಡಿಯುವ ನೀರನ್ನು ಶುದ್ಧಗೊಳಿಸಲು ಬಳಸುತ್ತಿದ್ದದ್ದೂ ಕ್ಲೋರಿನ್ ಬಿಡುವ ಬ್ಲೀಚಿಂಗ್ ಪೌಡರನ್ನೇ.

ಮೊದಲ ಹೊಡೆತ ಬಿದ್ದದ್ದು ಫ್ರೆಂಚ್ ಸೈನ್ಯದ ಅಲ್ಜೀರಿಯ ಮತ್ತಿತರ ತುಕಡಿಗಳ ಮೇಲೆ, ಎರಡು ದಿನ ಬಿಟ್ಟು ಕೆನಡದವರ ಮೇಲೆ. ಏಪ್ರಿಲ್ 26ರಂದು ಅಲ್ಲಿಗೆ ಧಾವಿಸಿದ ನಮ್ಮ ಲಾಹೋರ್ ಡಿವಿಷನ್ನಿನ ಸಿಪಾಯಿಗಳೂ ಅನಿಲಕ್ಕೆ ಸಿಕ್ಕಿದರು. ಬಟ್ಟೆಯನ್ನು ಒದ್ದೆ ಮಾಡಿ ಮೂಗಿಗೆ ಹಿಡಿದುಕೊಳ್ಳುವುದೇ ಆಗಿನ ರಕ್ಷಣೆ. ಬೇರೇನೂ ಸಿಗದಿದ್ದಾಗ ಸ್ವಂತ ಮೂತ್ರದಲ್ಲೇ ಒದ್ದೆ ಮಾಡುತ್ತಿದ್ದರು. ಲಂಡನ್ನಿನಿಂದ ಜೆ. ಎಸ್. ಹಾಲ್ಡೇನ್ ಎಂಬ ಶರೀರಕ್ರಿಯಾ ವಿಜ್ಞಾನಿಯನ್ನು ಕಳುಹಿಸಿದರು. ಅವರು ಕಂದಕದಲ್ಲಿದ್ದ ತಮ್ಮ ಮಗನನ್ನೂ ಕರೆಸಿಕೊಂಡರು. ಮಗ ಬ್ಲ್ಯಾಕ್ ವಾಚ್ ಎಂಬ ಸ್ಕಾಟಿಷ್ ಪದಾತಿ ರೆಜಿಮೆಂಟಿನ ಅಧಿಕಾರಿ. ಮುಚ್ಚಿದ ಸಣ್ಣ ಕೋಣೆಯೊಳಗೆ ಕ್ಲೋರಿನ್ ಬಿಟ್ಟುಕೊಂಡು, ಮುಖವಾಡ ಹಾಕಿ ಒಮ್ಮೆ, ಹಾಕದೆ ಒಮ್ಮೆ, ಎಷ್ಟು ಹೊತ್ತು ತಡೆಯಬಹುದೆಂದು ತಮ್ಮ ಮೇಲೆಯೇ ಪರೀಕ್ಷೆ ಮಾಡಿದರು. ಆ ಮಗ ಬೇರಾರೂ ಅಲ್ಲ, ಜೆ. ಬಿ. ಎಸ್. ಹಾಲ್ಡೇನ್, ತಳಿವಿಜ್ಞಾನದ ದೊಡ್ಡ ಹೆಸರು. 1957ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು, ಭಾರತದ ಪೌರತ್ವ ಪಡೆದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಬ್ರಿಟಿಷ್ ಸಿಪಾಯಿಗೆ ಸಿಕ್ಕ ಮೊದಲ ಸರಿಯಾದ ರಕ್ಷಣೆ ಸೋಡಿಯಂ ಥಯೋಸಲ್ಫೇಟಿನಲ್ಲಿ ನೆನೆಸಿದ ಬಟ್ಟೆ. ಛಾಯಾಚಿತ್ರದ ಕತ್ತಲೆಕೋಣೆಯಲ್ಲಿ ನಾವು ‘ಹೈಪೊ’ ಎಂದು ಬಳಸುತ್ತಿದ್ದ ಲವಣವೇ ಅದು. ಕ್ಲೋರಿನ್ನನ್ನು ಹಿಡಿದು ನಿರುಪದ್ರವಿಯಾಗಿಸುತ್ತದೆ. ಆದರೆ 1915ರ ಡಿಸೆಂಬರಿನಲ್ಲಿ ಜರ್ಮನರು ಬ್ರಿಟಿಷರ ಮೇಲೆ ಫಾಸ್ಜೀನ್ ಬೆರೆಸಿ ಬಿಟ್ಟರು. ಹೈಪೊ ಅದನ್ನು ತಡೆಯದು. 1916ರಲ್ಲಿ ಇದ್ದಲು ಮತ್ತು ಸೋಡಾ ಸುಣ್ಣ ತುಂಬಿದ ಡಬ್ಬಿಯ ಮುಖವಾಡ ಬಂತು. 1917ರ ಜುಲೈನಲ್ಲಿ ಮಸ್ಟರ್ಡ್ ಅನಿಲ ಬಂತು; ಅದು ಚರ್ಮವನ್ನೇ ಸುಡುವಂಥದ್ದು, ಮುಖವಾಡದಿಂದ ಪೂರ್ತಿ ರಕ್ಷಣೆ ಇಲ್ಲ. ಬ್ರಿಟಿಷರೇನೂ ಸುಮ್ಮನಿರಲಿಲ್ಲ. 1915ರ ಸೆಪ್ಟೆಂಬರ್ 25ರಂದು ಲೂಸ್‌ನಲ್ಲಿ ಅವರೂ ಕ್ಲೋರಿನ್ ಬಿಟ್ಟರು. ಕೆಲವೆಡೆ ಗಾಳಿ ತಿರುಗಿ ಅದು ತಮ್ಮವರ ಮೇಲೇ ಬಂತು.

ಇಷ್ಟು ಹೇಳಿ ಸಾಮ್ ಕದನಕ್ಕೆ ಬರುತ್ತೇನೆ. ಇಲ್ಲಿ ನನ್ನ ವೃತ್ತಿಯ ಮಾತೂ ಸೇರುತ್ತದೆ. 1916ರ ಹೊತ್ತಿಗೆ ಮೊದಲಿನ ಪಳಗಿದ ಸಿಪಾಯಿಗಳಲ್ಲಿ ಬಹುಪಾಲು ಸತ್ತೋ ಗಾಯಗೊಂಡೋ ಆಗಿತ್ತು. ಅವರ ಜಾಗಕ್ಕೆ ಬಂದವರು ಲಾರ್ಡ್ ಕಿಚನರರ ಕರೆಗೆ ಓಗೊಟ್ಟು ಸೇರಿದ ಗುಮಾಸ್ತರು, ಗಿರಣಿ ಕಾರ್ಮಿಕರು, ಗಣಿಯವರು. ಜೊತೆಗೆ ಸೇರಿದವರು ಜೊತೆಯಲ್ಲೇ ಇರಬಹುದೆಂದು ಸರ್ಕಾರ ಮಾತು ಕೊಟ್ಟಿತ್ತು. ಹೀಗೆ ಒಂದೊಂದು ಊರಿನ ಗೆಳೆಯರದೇ ಒಂದೊಂದು ಬೆಟಾಲಿಯನ್ ಆಯಿತು. ಜುಲೈ 1ರಂದು ಬೆಳಿಗ್ಗೆ 7:30ಕ್ಕೆ ದಾಳಿ. ಅದಕ್ಕೆ ಮೊದಲು ಒಂದು ವಾರ 15 ಲಕ್ಷಕ್ಕೂ ಹೆಚ್ಚು ಶೆಲ್ಲುಗಳನ್ನು ಹೊಡೆದಿದ್ದರು. ಇಷ್ಟಾದ ಮೇಲೆ ಎದುರಿಗೆ ಯಾರೂ ಉಳಿದಿರಲಾರರೆಂದು ಸೇನಾಪತಿಗಳ ಎಣಿಕೆ. ಆದರೆ ಬಹಳಷ್ಟು ಶೆಲ್ಲು ಸಿಡಿಯಲೇ ಇಲ್ಲ. ಸೀಮೆಸುಣ್ಣದ ಕಲ್ಲಿನ ಆ ನೆಲದಲ್ಲಿ ಜರ್ಮನರ ನೆಲಮಾಳಿಗೆಗಳು ಮೂವತ್ತು ಅಡಿ ಆಳದವರೆಗೂ ಇದ್ದವು. ಅನೇಕ ಕಡೆ ಮುಳ್ಳುತಂತಿ ತುಂಡಾಗದೆ ನಿಂತಿತ್ತು. ಬೆನ್ನ ಮೇಲೆ 30 ಕಿಲೋದಷ್ಟು ಹೊರೆ ಹೊತ್ತು ಮೇಲೇರಿ ಬಂದವರಿಗೆ ಎದುರಾದದ್ದು ಮೆಷಿನ್‌ಗನ್ನು ಮತ್ತು ಫಿರಂಗಿ. ಅಕ್ರಿಂಗ್ಟನ್ ಎಂಬ ಗಿರಣಿ ಊರಿನ ಹೆಸರಿನ ಬೆಟಾಲಿಯನ್ನಿನಲ್ಲಿ ದಾಳಿಗೆ ಹೋದವರು ಸುಮಾರು 700. ಅರ್ಧ ಗಂಟೆಯ ಆಸುಪಾಸಿನಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 580ಕ್ಕೂ ಹೆಚ್ಚು. ಆ ಒಂದು ದಿನ ಬ್ರಿಟಿಷ್ ಸೈನ್ಯದ ಒಟ್ಟು ನಷ್ಟ 57,470. ಅದರಲ್ಲಿ ಸತ್ತವರು 19,240. ಒಂದು ಊರಿನ ಗೆಳೆಯರು ಒಟ್ಟಿಗೆ ಸೇರಿದ್ದರಿಂದ ಒಂದೇ ಬೀದಿಯ ಎಷ್ಟೋ ಮನೆಗಳಿಗೆ ಒಂದೇ ವಾರದಲ್ಲಿ ಸುದ್ದಿ ಬಂತು.

ಇದನ್ನು ಕ್ಯಾಮರಾ ಕಂಡಿತ್ತು. ಜೆಫ್ರಿ ಮಾಲಿನ್ಸ್, ಜೆ. ಬಿ. ಮ್ಯಾಕ್‌ಡವೆಲ್ ಎಂಬ ಇಬ್ಬರು ಛಾಯಾಗ್ರಾಹಕರು ತೆಗೆದ ‘ದಿ ಬ್ಯಾಟಲ್ ಆಫ್ ದಿ ಸಾಮ್’ ಎಂಬ ಚಿತ್ರ ಅದೇ ಆಗಸ್ಟಿನಲ್ಲಿ, ಕದನ ಇನ್ನೂ ನಡೆಯುತ್ತಿರುವಾಗಲೇ, ಬ್ರಿಟನ್ನಿನ ಚಿತ್ರಮಂದಿರಗಳಿಗೆ ಬಂತು. ಲಕ್ಷಾಂತರ ಜನ ನೋಡಿದರು; ಅತ್ತರು. ಸಿಪಾಯಿಗಳು ಕಂದಕದ ಗೋಡೆ ಹತ್ತಿ ಮೇಲೆ ಹೋಗುವ, ಒಬ್ಬ ಅಲ್ಲೇ ಕುಸಿದು ಜಾರುವ ದೃಶ್ಯ ಅದರಲ್ಲಿದೆ. ಮಹಾಯುದ್ಧದ ಯಾವ ಕಾರ್ಯಕ್ರಮದಲ್ಲಾದರೂ ನೀವು ಅದನ್ನು ನೋಡಿರುತ್ತೀರಿ. ಆ ದೃಶ್ಯ ನಿಜವಲ್ಲ. ರಣರಂಗದ ಹಿಂದೆ ತರಬೇತಿಯ ಜಾಗದಲ್ಲಿ ಸಿಪಾಯಿಗಳಿಂದ ಮಾಡಿಸಿ ತೆಗೆದದ್ದು. ಹೇಗೆ ತಿಳಿಯುತ್ತದೆ? ಕ್ಯಾಮರಾ ಎಲ್ಲಿ ನಿಂತಿದೆ ಎಂದು ಕೇಳಿಕೊಳ್ಳಿ. ಅಂದಿನ ಕ್ಯಾಮರಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೈಯಿಂದ ಹಿಡಿಕೆ ತಿರುಗಿಸಬೇಕಾದ ಭಾರದ ಪೆಟ್ಟಿಗೆ. ನಿಜವಾದ ದಾಳಿಯಾಗಿದ್ದರೆ ಆ ಜಾಗದಲ್ಲಿ ತಲೆ ಎತ್ತಿ ನಿಲ್ಲುವುದು ಸಾಧ್ಯವೇ? ಸಿಪಾಯಿಗಳ ಬೆನ್ನ ಮೇಲೆ ಇರಬೇಕಾದ ಹೊರೆಯೂ ಇಲ್ಲ. ಹಾಗೆಂದು ಇಡೀ ಚಿತ್ರ ಸುಳ್ಳೆಂದು ತಳ್ಳಿಹಾಕಬೇಡಿ. 7:20ಕ್ಕೆ ಹಾಥಾರ್ನ್ ದಿಬ್ಬದ ಕೆಳಗೆ ಸುರಂಗದಲ್ಲಿಟ್ಟ ಮದ್ದು ಸಿಡಿದು ಮಣ್ಣು ಆಕಾಶಕ್ಕೆ ಎದ್ದ ದೃಶ್ಯ, ಗಾಯಾಳುಗಳನ್ನು ಹೊತ್ತು ತರುವ ದೃಶ್ಯ, ಇವು ನಿಜವಾದವು. ಒಂದೇ ಚಿತ್ರದಲ್ಲಿ ಎರಡೂ ಪಕ್ಕಪಕ್ಕದಲ್ಲಿವೆ. ಬೇರ್ಪಡಿಸುವ ಕೆಲಸ ನೋಡುವವರದು.

ಇನ್ನೂ ಒಂದು ಮೋಸ ನಮ್ಮ ಯಂತ್ರಗಳದೇ. ಆ ಕಾಲದ ಫಿಲ್ಮು ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳಂತೆ ತೆಗೆದದ್ದು. ನಮ್ಮ ದೂರದರ್ಶನದಲ್ಲಿ ಓಡುವುದು ಸೆಕೆಂಡಿಗೆ 25. ಹಾಗೆಯೇ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ವೇಗ. ಸಾಯಲು ಹೋಗುತ್ತಿರುವವರು ಬೊಂಬೆಗಳಂತೆ ಕುಪ್ಪಳಿಸುತ್ತಾರೆ, ನೋಡುವವರು ನಗುತ್ತಾರೆ. 2018ರಲ್ಲಿ ಪೀಟರ್ ಜಾಕ್ಸನ್ ಅವರು ‘ದೇ ಶಲ್ ನಾಟ್ ಗ್ರೋ ಓಲ್ಡ್’ ಚಿತ್ರದಲ್ಲಿ ಹಳೆಯ ತುಣುಕುಗಳ ವೇಗವನ್ನು ಸರಿಪಡಿಸಿದಾಗ ಅವರು ಮನುಷ್ಯರಂತೆ ನಡೆದರು. ಬಣ್ಣ ಹಚ್ಚಿದ್ದು ಸರಿಯೇ ಎಂಬ ಚರ್ಚೆ ಇದೆ; ವೇಗದ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ.

ಸೇನಾಪತಿಗಳು ಮೂರ್ಖರು, ಸಿಪಾಯಿಗಳು ಕುರಿಗಳು ಎಂಬ ಮಾತು ಬಹಳ ಪ್ರಚಾರದಲ್ಲಿದೆ. ನನಗೆ ಅದು ಸುಲಭದ ಉತ್ತರವಾಗಿ ಕಾಣುತ್ತದೆ. ಮುಂದೆ ಹೋದ ತುಕಡಿಯೊಂದಿಗೆ ಮಾತನಾಡುವ ಸಾಧನವೇ ಇರಲಿಲ್ಲ ಎಂಬುದನ್ನು ಗಮನಿಸಿ. ಹೊತ್ತೊಯ್ಯಬಲ್ಲ ರೇಡಿಯೊ ಇಲ್ಲ. ದೂರವಾಣಿಯ ತಂತಿ ಶೆಲ್ಲಿಗೆ ತುಂಡಾಗುತ್ತಿತ್ತು. ಉಳಿದದ್ದು ಓಡಿ ಬರುವ ಆಳು, ಪಾರಿವಾಳ. ಎಲ್ಲಿ ದಾರಿ ತೆರೆದಿದೆ ಎಂಬ ಸುದ್ದಿ ಹಿಂದಕ್ಕೆ ತಲುಪುವ ಹೊತ್ತಿಗೆ ಶತ್ರು ರೈಲಿನಲ್ಲಿ ಹೊಸ ಪಡೆ ತಂದಿಳಿಸಿರುತ್ತಿದ್ದ. ತಪ್ಪುಗಳೂ ಆದವು, ಕಲಿಯುವುದೂ ಆಯಿತು. ಕಲಿಕೆಯ ಶುಲ್ಕ ತೆತ್ತವನು ಕಾಲಾಳು. 1917ರ ಹೊತ್ತಿಗೆ ಚಿಕ್ಕ ಚಿಕ್ಕ ತುಕಡಿಗಳಿಗೂ ಹಗುರವಾದ ಲೂಯಿಸ್ ಗನ್, ಗ್ರೆನೇಡುಗಳು ಸಿಕ್ಕವು. ತಮ್ಮ ಮುಂದೆ ಪರದೆಯಂತೆ ಸರಿಯುವ ಶೆಲ್ಲುಗಳ ಹಿಂದೆಯೇ ನಡೆಯುವುದನ್ನು ಕಲಿತರು. ಶತ್ರುವಿನ ಫಿರಂಗಿ ಎಲ್ಲಿದೆ ಎಂದು ಅದರ ಸದ್ದು ಬೇರೆ ಬೇರೆ ಮೈಕ್ರೋಫೋನುಗಳಿಗೆ ತಲುಪುವ ಕಾಲದ ವ್ಯತ್ಯಾಸದಿಂದ ಲೆಕ್ಕ ಹಾಕುವ ವಿಧಾನವನ್ನು ರೂಪಿಸಿದವರಲ್ಲಿ ಮುಖ್ಯರು ಲಾರೆನ್ಸ್ ಬ್ರ್ಯಾಗ್. ಎಕ್ಸ್-ಕಿರಣಗಳ ಬ್ರ್ಯಾಗ್ ನಿಯಮದ ಬ್ರ್ಯಾಗ್. ಆತನಿಗೆ ನೊಬೆಲ್ ಬಹುಮಾನ ಬಂದ ಸುದ್ದಿ ತಲುಪಿದ್ದು ಈ ಕೆಲಸದ ನಡುವೆಯೇ.

ಮುಳ್ಳುತಂತಿ ಕತ್ತರಿಸಲು ಬಳಸಿದ ಒಂದು ಸಾಧನದ ಹೆಸರು ಕೇಳಿದರೆ ನಿಮಗೆ ಆಶ್ಚರ್ಯವಾದೀತು: ಬೆಂಗಳೂರು ಟಾರ್ಪೆಡೊ. ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಕಂದಕದಲ್ಲಿ ಕುಳಿತೇ ತಂತಿಯ ಅಡಿಗೆ ನೂಕಿ ಸಿಡಿಸುವುದು. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಎಂಬಾತ ರೂಪಿಸಿದ್ದು. ಹಲಸೂರು ಕೆರೆಯ ಪಕ್ಕದಲ್ಲಿ ಹೋಗುವಾಗ ನೀವು ನೋಡುವ ಸೈನಿಕ ಕೇಂದ್ರ ಆ ಪಡೆಯದೇ.

ದೇಹಕ್ಕಾದ ಗಾಯವನ್ನು ಎಣಿಸಬಹುದು. ಗಾಯವೇ ಇಲ್ಲದೆ ಮಾತು ನಿಂತವರು, ನಡುಗುತ್ತಲೇ ಇದ್ದವರು, ಕಣ್ಣಿಗೆ ಪೆಟ್ಟಾಗದೆ ಕುರುಡಾದವರೂ ಇದ್ದರು. ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 1915ರಲ್ಲಿ ‘ಶೆಲ್ ಶಾಕ್’ ಎಂಬ ಹೆಸರಿನಡಿ ಇಂಥವರ ಬಗ್ಗೆ ಬರೆದರು. ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಅಧಿಕಾರಿಗಳಿಗೆ ಮಾತಿನ ಮೂಲಕವೇ ಚಿಕಿತ್ಸೆ ಕೊಟ್ಟ ಡಾ. ರಿವರ್ಸ್ ಯಾರು ಗೊತ್ತೇ? ಯುದ್ಧಕ್ಕೆ ಬಹಳ ಮೊದಲು ನಮ್ಮ ಪಕ್ಕದ ನೀಲಗಿರಿಯಲ್ಲಿ ತೋಡರ ನಡುವೆ ಇದ್ದು ಅವರ ಬಗ್ಗೆ ದೊಡ್ಡ ಗ್ರಂಥ ಬರೆದವರು. ಎಲ್ಲರಿಗೂ ಇಂಥ ವೈದ್ಯರು ಸಿಗಲಿಲ್ಲ. ಓಡಿಹೋದದ್ದು, ಹೇಡಿತನ ಮೊದಲಾದ ಆರೋಪಗಳ ಮೇಲೆ ಬ್ರಿಟಿಷ್ ಸೈನ್ಯ ಗುಂಡಿಟ್ಟು ಕೊಂದ ತನ್ನದೇ ಸಿಪಾಯಿಗಳಲ್ಲಿ 306 ಮಂದಿಗೆ ಬ್ರಿಟನ್ ಕ್ಷಮಾದಾನ ಕೊಟ್ಟದ್ದು 2006ರಲ್ಲಿ.

ಕಂದಕದಲ್ಲಿ ಹೋರಾಡಿದವರಲ್ಲಿ ಬದುಕುಳಿದಿದ್ದ ಕೊನೆಯ ಬ್ರಿಟಿಷ್ ಸಿಪಾಯಿ ಹ್ಯಾರಿ ಪ್ಯಾಚ್ 2009ರ ಜುಲೈ 25ರಂದು 111ನೆಯ ವಯಸ್ಸಿನಲ್ಲಿ ತೀರಿಕೊಂಡರು; ಪ್ಯಾಶನ್‌ಡೇಲ್‌ನಲ್ಲಿ ಲೂಯಿಸ್ ಗನ್ ತಂಡದಲ್ಲಿದ್ದವರು. ಈಗ ಕೇಳಿ ತಿಳಿಯಲು ಯಾರೂ ಇಲ್ಲ. ಕಲ್ಲಿನ ಮೇಲಿನ ಹೆಸರುಗಳಿವೆ. ಸಾಮ್ ಪ್ರದೇಶದ ತೀಪ್‌ವಾಲ್‌ನಲ್ಲಿ ಸಮಾಧಿಯೇ ಸಿಗದ 72,000ಕ್ಕೂ ಹೆಚ್ಚು ಜನರ ಹೆಸರು, ನವ್ ಶಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರು. ನೆಲದಲ್ಲಿ ಇನ್ನೂ ಶೆಲ್ಲುಗಳಿವೆ. ಈಪ್ರ್ ಸುತ್ತಲಿನ ರೈತರಿಗೆ ಇಂದಿಗೂ ಉಳುವಾಗ ಸಿಡಿಯದ ಶೆಲ್ಲು ಸಿಗುತ್ತದೆ. ಅದನ್ನು ರಸ್ತೆಯ ಅಂಚಿಗೆ ತಂದಿಡುತ್ತಾರೆ. ಬೆಲ್ಜಿಯಂ ಸೈನ್ಯದವರು ವಾಹನದಲ್ಲಿ ಬಂದು ಒಯ್ಯುತ್ತಾರೆ. ಅನಿಲ ತುಂಬಿದವನ್ನು ಬೇರೆಯಾಗಿಟ್ಟು, ಬಹಳ ಎಚ್ಚರದಿಂದ ನಾಶಪಡಿಸುತ್ತಾರೆ.